ಕಾಲೂರಿ ನಿಂತ ಅಕ್ಷರಗಳು

ಮೊಮ್ಮಗಳ ಲ್ಯಾಪ್‌ಟಾಪಿನಲ್ಲಿ ನನ್ನ ಹಳೆಯ ಪರಿಚಯದವರು ಸಿಕ್ಕಾರೆಂದು ನಾನು ಎಣಿಸಿರಲಿಲ್ಲ. ತನ್ವಿ ಬೇಲಾಪುರದ ಒಂದು ಆಫೀಸಿನಲ್ಲಿ ಡಿಸೈನರ್. ಶನಿವಾರ ಮಾತ್ರ ಡೊಂಬಿವಲಿಯ ನಮ್ಮ ಮನೆಯ ಊಟದ ಟೇಬಲ್ಲೇ ಅವಳ ಆಫೀಸು. ನಾನು ಪಕ್ಕದಲ್ಲಿ ಕೂತು ಬೀನ್ಸಿನ ನಾರು ತೆಗೆಯುತ್ತಾ ಒಂದು ಕಣ್ಣನ್ನು ಪರದೆಯ ಮೇಲಿಟ್ಟಿದ್ದೆ. ಅವಳು ಬೆರಳಾಡಿಸಿದ ಹಾಗೆ ಬಗೆಬಗೆಯ ಅಕ್ಷರಗಳು ಮೆರವಣಿಗೆ ಹೋಗುತ್ತಿದ್ದವು: ಉಪವಾಸ ಬಿದ್ದವು, ಬಳುಕುವವು, ಮದುವೆಮನೆಯಲ್ಲಿ ಸೆಂಟು ಹಾಕಿಕೊಂಡು ತಿರುಗುವವು. ಥಟ್ಟನೆ "ನಿಲ್ಲಿಸು!" ಎಂದೆ.

"ಎಂತಾಯ್ತು ಅಜ್ಜಿ? ಕೈ ಕುಯ್ಕೊಂಡ್ರಾ?"

"ಇಲ್ಲ. ಹಿಂದೆ ಹೋಗು. ಇವರನ್ನು ನಾನು ಬಲ್ಲೆ."

ಎತ್ತರಕ್ಕೆ, ದಪ್ಪಗೆ, ಭುಜಕ್ಕೆ ಭುಜ ತಾಗಿಸಿಕೊಂಡು ನಿಂತ ಇಂಗ್ಲಿಷ್ ಕ್ಯಾಪಿಟಲ್ ಅಕ್ಷರಗಳು. ಒಂದೊಂದರ ತಲೆಗೂ ಪಾದಕ್ಕೂ ಇಟ್ಟಿಗೆಯಂಥ ಚಪ್ಪಟೆ ಪಟ್ಟಿ. ತಲೆಗೆ ಮುಟ್ಟಾಳೆ ಟೊಪ್ಪಿ, ಕಾಲಿಗೆ ಬೂಟು.

"ಇದಾ? ಬೋಲ್ಡ್ ಕಂಡೆನ್ಸ್ಡ್ ಸ್ಲ್ಯಾಬ್ ಸೆರಿಫ್. ಡಿಸ್‌ಪ್ಲೇಗೆ ಮಾತ್ರ ಯೂಸ್ ಮಾಡೋದು."

"ಮನುಷ್ಯರ ಭಾಷೆಯಲ್ಲಿ ಹೇಳು."

"ದಪ್ಪ, ಆದ್ರೆ ಅಡ್ಡಕ್ಕೆ ಕುಗ್ಗಿಸಿದ್ದು. ಕಾಲಿಗೆ ಸ್ಲ್ಯಾಬ್, ಅಂದ್ರೆ ಈ ಪಟ್ಟಿ. ಬೋರ್ಡಿಗೆ, ಪೋಸ್ಟರಿಗೆ ಓಕೆ. ಇದ್ರಲ್ಲಿ ಒಂದು ಪುಸ್ತಕ ಪ್ರಿಂಟ್ ಮಾಡಿ ನೋಡಿ, ಓದಿದವ್ರು ಪಾಗಲ್ ಆಗ್ತಾರೆ. ಬಹುತ್ ಲೌಡ್ ಹೈ, ಅಜ್ಜಿ." ಎಂದವಳೇ ಬೆರಳಾಡಿಸಿ ಅವರನ್ನು ಸಾಗಹಾಕಿದಳು.

ಅವಳು ಹುಡುಕುತ್ತಿದ್ದದ್ದು ನಮ್ಮ ಹೋಟೆಲಿನ ಹೊಸ ಬೋರ್ಡಿಗೆ ಒಪ್ಪುವ ಅಕ್ಷರ. ನಾನು ಸುಮ್ಮನಾದೆ. ಸುಮ್ಮನಾಗುವುದು ನನ್ನ ಸ್ವಭಾವವಲ್ಲ, ಆದರೆ ಬೀನ್ಸ್ ಬಹಳ ಉಳಿದಿತ್ತು.

ಕಂಡೆನ್ಸ್ಡ್ ಎಂದರೇನೆಂದು ಡೊಂಬಿವಲಿಯಲ್ಲಿ ಲೋಕಲ್ ರೈಲು ಹತ್ತಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಭುಜ ಒಳಕ್ಕೆ, ಉಸಿರು ಮೇಲಕ್ಕೆ, ಬ್ಯಾಗು ಹೊಟ್ಟೆಗೆ; ಪಾದ ಮಾತ್ರ ಗಟ್ಟಿ. ಸ್ಲೋ ಗಾಡಿಯಲ್ಲಿ ಪಾದ ಸಡಿಲಾಯಿತೋ, ಇಳಿಯುವ ಮನಸ್ಸಿಲ್ಲದಿದ್ದರೂ ಜನ ನಿಮ್ಮನ್ನು ಕಳವಾ ಸ್ಟೇಷನ್ನಿನಲ್ಲಿ ಇಳಿಸಿಬಿಡುತ್ತಾರೆ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಹಾಗೆ ಇಳಿದಿದ್ದೇನೆ, ಕೈಯಲ್ಲಿ ಪಕ್ಕದವಳ ಮಲ್ಲಿಗೆ ದಂಡೆ ಸಮೇತ. ಆಮೇಲೆ ಕಲಿತೆ. ಈ ಅಕ್ಷರಗಳು ಹುಟ್ಟುವಾಗಲೇ ಕಲಿತುಕೊಂಡು ಬಂದಿವೆ.

ಅವನ್ನು ನಾನು ಮೊದಲು ಕಂಡದ್ದು ಮಂಗಳೂರಿನ ಕಾನ್ವೆಂಟಿನ ಎದುರು ಗೋಡೆಯ ಮೇಲೆ, ಸರ್ಕಸ್ಸಿನ ಪೋಸ್ಟರಿನಲ್ಲಿ. ಕಾನ್ವೆಂಟಿನ ಒಳಗೆ ಸಿಸ್ಟರ್ ಫಿಲೋಮಿನಾ ನಮಗೆ ಕರ್ಸಿವ್ ಕಲಿಸುತ್ತಿದ್ದರು. ನಾಲ್ಕು ಗೆರೆಯ ಪುಸ್ತಕ, ಮೇಲೇರುವಾಗ ಕೂದಲೆಳೆ, ಕೆಳಗಿಳಿಯುವಾಗ ಸ್ವಲ್ಪವೇ ಒತ್ತು, ಪದ ಮುಗಿಯುವ ತನಕ ಪೆನ್ನು ಎತ್ತಬಾರದು. ಯಾರಾದರೂ ಕ್ಯಾಪಿಟಲ್ ಅಕ್ಷರಕ್ಕೆ ಶಾಯಿ ತುಂಬಿ ದಪ್ಪ ಮಾಡಿದರೆ ಅವರ ಹುಬ್ಬು ಮೇಲೇರುತ್ತಿತ್ತು. "ಗರ್ಲ್ಸ್, ಲೇಡೀಸ್ ಡು ನಾಟ್ ಶೌಟ್. ನಾಟ್ ಈವನ್ ಆನ್ ಪೇಪರ್." ಸಂಜೆ ಇಬ್ಬಿಬ್ಬರ ಸಾಲಿನಲ್ಲಿ ಚ್ಯಾಪೆಲ್ಲಿಗೆ ನಡೆಯುವಾಗ ಗೇಟಿನಾಚೆ ಆ ಪೋಸ್ಟರ್ ಅರಚುತ್ತಿತ್ತು. ಆನೆ, ಹುಲಿ, ತೂಗುವ ಹುಡುಗಿಯರನ್ನೆಲ್ಲ ಬಿಟ್ಟು ನಾನು ಅಕ್ಷರಗಳನ್ನೇ ನೋಡುತ್ತಿದ್ದೆ. ಇಡೀ ಬೀದಿಯಲ್ಲಿ ಖುಷಿಯಾಗಿರುವವರು ಅವರು ಮಾತ್ರ ಎಂದು ನನಗೆ ಅನ್ನಿಸುತ್ತಿತ್ತು.

ಅದಕ್ಕೇ ಇರಬೇಕು, ದೇವರು ನನಗೆ ಅಂಥ ಅಕ್ಷರ ಬರೆಯುವ ಗಂಡನನ್ನೇ ಕೊಟ್ಟ. ನಿಶ್ಚಿತಾರ್ಥವಾದ ಮೇಲೆ ಹಾಸ್ಟೆಲಿಗೆ ನಮ್ಮವರದೊಂದು ಕಾರ್ಡು ಬಂತು. ಇಂಗ್ಲಿಷಿನಲ್ಲಿ, ಎಲ್ಲ ಕ್ಯಾಪಿಟಲ್, ಪ್ರತಿ ಅಕ್ಷರಕ್ಕೂ ಮೇಲೊಂದು ಕೆಳಗೊಂದು ಅಡ್ಡಪಟ್ಟಿ. "ARRIVING SUNDAY. ALL FINE. WEATHER HOT." ಗೆಳತಿಯರು ಕಾರ್ಡನ್ನು ಕೈಯಿಂದ ಕೈಗೆ ದಾಟಿಸಿ ನಕ್ಕಿದ್ದೇ ನಕ್ಕಿದ್ದು. "ಹುಡುಗ ಹೋಟೆಲಿನವನು ಅಂದಿ, ಸರ್ಕಸ್ಸಿನವನಾ ಮಾರಾಯ್ತಿ?" ಎಂದು ಒಬ್ಬಳು ಕೇಳಿದಳು. ನನಗೆ ನಾಚಿಕೆಯಾಗಲಿಲ್ಲ, ಬರೆದುಕೊಳ್ಳಿ. ಆ ಕಾಲಿಟ್ಟ ಅಕ್ಷರಗಳನ್ನು ನೋಡಿ ಈ ಮನುಷ್ಯ ಎಲ್ಲಿಗೂ ಓಡಿಹೋಗುವವನಲ್ಲ ಎಂದುಕೊಂಡೆ. ಸರಿಯಾಗಿಯೇ ಎಣಿಸಿದ್ದೆ.

ಆಮೇಲೆ ತಿಳಿಯಿತು. ಇವರು ಉಡುಪಿಯ ಕಡೆಯಿಂದ ಬಂದು ಹೋಟೆಲಿನಲ್ಲಿ ದುಡಿಯುತ್ತಾ ಇಂಗ್ಲಿಷ್ ಕಲಿತದ್ದು ರೈಲಿನ ಕಿಟಕಿಯಿಂದ, ಅಂಗಡಿ ಬೋರ್ಡುಗಳನ್ನೂ ಭಿವಂಡಿಯಿಂದ ಬರುವ ಬಟ್ಟೆಯ ಮೂಟೆಗಳ ಮೇಲಿನ ದಪ್ಪ ಬರಹವನ್ನೂ ಓದಿಕೊಂಡು. ಕಾಲಿಲ್ಲದ ಅಕ್ಷರವೂ ಇರುತ್ತದೆ ಎಂದು ಇವರಿಗೆ ಯಾರೂ ಹೇಳಿಯೇ ಇರಲಿಲ್ಲ. ಬ್ಯಾಂಕಿನಲ್ಲಿ ಸಹಿ ಹಾಕುವಾಗಲೂ ಒಂದೊಂದು ಅಕ್ಷರಕ್ಕೂ ಬೂಟು ತೊಡಿಸುತ್ತಾರೆ. ಹಿಂದೆ ನಿಂತ ಕ್ಯೂ ನಿಟ್ಟುಸಿರು ಬಿಡುತ್ತದೆ. ನಾನು ಕರ್ಸಿವ್, ಇವರು ಕ್ಯಾಪಿಟಲ್. ಸಂಸಾರ ಹೇಗೋ ಒಂದೇ ಗೆರೆಯ ಮೇಲೆ ಸಾಗಿದೆ.

ಇವರ ಹೋಟೆಲು ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿಗೆ ಸಮೀಪ. ಹೆಸರು, ಉಸಿರು ಹಿಡಿದುಕೊಳ್ಳಿ, ಶ್ರೀ ಕಲ್ಲುಬಾವಿ ಮಹಾಲಿಂಗೇಶ್ವರ ಪ್ರಸನ್ನ ರಿಫ್ರೆಶ್‌ಮೆಂಟ್ಸ್. ಕಲ್ಲುಬಾವಿ ಇವರ ಊರು. ಮಹಾಲಿಂಗೇಶ್ವರ ಊರಿನ ದೇವರು. ಪ್ರಸನ್ನ ಎಂದು ಸೇರಿಸದಿದ್ದರೆ ಆತ ಪ್ರಸನ್ನನಾಗಲಿಕ್ಕಿಲ್ಲವೆಂದು ಮಾವನವರ ಅಭಿಪ್ರಾಯ. ಹೋಟೆಲು ತೆರೆಯುವಾಗ ಬೋರ್ಡು ಬರೆಯಲು ಕಲ್ಯಾಣದಿಂದ ಬಂದ ಪೇಂಟರ್ ಕಿರಿದಾದ ಮುಂಭಾಗವನ್ನೂ ಉದ್ದನೆಯ ಚೀಟಿಯನ್ನೂ ನೋಡಿ, "ಶೇಟ್, ಜಾಗಾ ಕುಠೇ ಆಹೇ?" ಎಂದನಂತೆ. ಜಾಗ ಎಲ್ಲಿದೆ ಸ್ವಾಮಿ, ಸ್ವಲ್ಪ ಕತ್ತರಿಸಿ ಎಂದು ಸೂಚನೆ. "ದೇವರ ಹೆಸರನ್ನು ಕತ್ತರಿಸುವುದಾ? ಬೇಕಾದರೆ ಅಕ್ಷರವನ್ನು ಹಿಂಡು" ಎಂದರು ಇವರು. ಅವನು ಹಿಂಡಿದ. ಅಡ್ಡಕ್ಕೆ ಹಿಂಡಿದ್ದಕ್ಕೆ ಎತ್ತರಕ್ಕೆ ಬೆಳೆದವು. ದೂರಕ್ಕೆ ಕಾಣಲೆಂದು ದಪ್ಪ ಮಾಡಿದ, ಬೀಳದ ಹಾಗೆ ಕಾಲು ಕೊಟ್ಟ. ಸರ್ಕಸ್ಸಿನವರು ಹೀಗೆ ನಮ್ಮ ಮನೆಯವರಾದರು.

ಬೋರ್ಡಿನಲ್ಲಿ ಮೇಲೆ ಮರಾಠಿ, ಕೆಳಗೆ ಇಂಗ್ಲಿಷ್, ಕೊನೆಯ ಸಾಲಿನಲ್ಲಿ ಪ್ಯೂರ್ ವೆಜ್. ನನಗೆ ಅದನ್ನು ನೋಡುವಾಗಲೆಲ್ಲ ಒಂದು ಆಲೋಚನೆ. ನಾಗರಿ ಅಕ್ಷರಗಳು ಲೋಕಲ್ಲಿನ ಹಿಡಿಕೆ ಹಿಡಿದು ನೇತಾಡುತ್ತವೆ. ಈ ಇಂಗ್ಲಿಷ್ ಅಕ್ಷರಗಳು ನೆಲಕ್ಕೆ ಕಾಲೂರಿ ನಿಲ್ಲುತ್ತವೆ. ನಮ್ಮ ಕನ್ನಡದವು ಮಾತ್ರ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ, ಎಲೆಯ ಮುಂದೆ ಪಾಯಸಕ್ಕೆ ಕಾಯುತ್ತಾ ಕೂತಿರುತ್ತವೆ. ಬೋರ್ಡಿನಲ್ಲಿ ಅವಕ್ಕೆ ಜಾಗ ಸಿಗದ್ದು ಆಶ್ಚರ್ಯವಲ್ಲ. ಕೂರುವವರಿಗೆ ಈ ಊರಿನಲ್ಲಿ ಜಾಗ ಎಲ್ಲಿದೆ?

ನಮ್ಮ ಮನೆ ಪಶ್ಚಿಮದಲ್ಲಿ. ಇವರು ದಿನಾ ಬೆಳಿಗ್ಗೆ ರೈಲ್ವೆ ಬ್ರಿಜ್ಜು ದಾಟಿ ಹೋಗುತ್ತಾರೆ. ಬ್ರಿಜ್ಜಿನ ಆ ತುದಿಯಲ್ಲಿ ಎರಡು ಕಟ್ಟಡಗಳ ಸಂದಿನಿಂದ ನಮ್ಮ ಬೋರ್ಡು ಕಾಣುತ್ತದೆ. ಅಲ್ಲಿ ನಿಂತು, ಚಪ್ಪಲಿ ಕಳಚಿ, ಕೈಮುಗಿದು, ಹೆಸರನ್ನು ಪೂರ್ತಿ ಗಟ್ಟಿಯಾಗಿ ಓದಿ, ಆಮೇಲೆಯೇ ಮೆಟ್ಟಿಲಿಳಿಯುವುದು. ಬೋರ್ಡಿನಲ್ಲಿರುವುದು ದೇವರ ಹೆಸರಲ್ಲವೇ! ಹಿಂದಿನಿಂದ ನುಗ್ಗುವ ಜನ ಮೊದಮೊದಲು ಬೈಯುತ್ತಿದ್ದರು. ಆಮೇಲೆ ಅಭ್ಯಾಸವಾಯಿತು. "ಕಾಕಾ, ಪೂಜಾ ಝಾಲೀ ಕಾ? ಚಲಾ ಆತಾ," ಪೂಜೆ ಮುಗಿಯಿತಾ, ಹೊರಡಿ ಇನ್ನು, ಎಂದು ನಗುತ್ತಾ ಸುತ್ತಿಕೊಂಡು ಹೋಗುತ್ತಾರೆ.

ಈ ಕಡೆ ಯಾವ ಹಳೆಯ ಕಟ್ಟಡಕ್ಕೂ ತಪ್ಪದ ಹಣೆಬರಹದಂತೆ ನಮ್ಮ ಹೋಟೆಲಿನದೂ, ಕೆಡವಿ ಹೊಸತು ಕಟ್ಟುವ ರೀಡೆವಲಪ್‌ಮೆಂಟಿಗೆ ಹೋಯಿತು. ಹೊಸತು ಏಳುವ ತನಕ ಹೋಟೆಲು ಹಿಂದಿನ ಗಲ್ಲಿಯ ಶೆಡ್ಡಿನಲ್ಲಿತ್ತು. ಅದು ಬ್ರಿಜ್ಜಿನಿಂದ ಕಾಣುತ್ತಿರಲಿಲ್ಲ. ಇವರು ಬಿಡಲಿಲ್ಲ, ಸಿಮೆಂಟಿನ ಕಂಬಗಳಿಗೇ ಕೈಮುಗಿದರು. ತಗಡಿನ ಹಳೆಯ ಬೋರ್ಡು ಸಾಗಿಸುವಾಗ ಮುರಿದು ತುಂಡಾಯಿತು. ಕೊನೆಗೆ ಹೊಸ ಕಟ್ಟಡ ಎದ್ದಿತು. ನಮಗೆ ಮೊದಲಿನ ಜಾಗವೇ ಸಿಕ್ಕಿತು, ಆದರೆ ಮೊದಲಿಗಿಂತ ಕಿರಿದು. ಬಿಲ್ಡರನ ಕಟ್ಟಪ್ಪಣೆ ಬೇರೆ: ಎಲ್ಲ ಅಂಗಡಿಗಳ ಬೋರ್ಡೂ ಒಂದೇ ಎತ್ತರದ ಪಟ್ಟಿಯೊಳಗೆ ಇರಬೇಕು.

ತನ್ವಿಯ ಅಪ್ಪ, ನನ್ನ ಮಗ ಸುಧಾಕರ, ಈಗ ಹೋಟೆಲಿನ ಕೆಲಸವೆಲ್ಲ ಅವನದೇ, ಇವರದು ಗಲ್ಲಾಪೆಟ್ಟಿಗೆ ಮಾತ್ರ. ಅವನು ಹೇಳಿದ: "ಅಮ್ಮ, ಮೊಬೈಲ್ ಆ್ಯಪಿನಲ್ಲಿ ಅಷ್ಟುದ್ದ ಹೆಸರು ಹಿಡಿಸುವುದೇ ಇಲ್ಲ. 'ಶ್ರೀ ಕಲ್ಲುಬಾವಿ ಮ' ಅಂತ ಬಂದು ಮುಂದೆ ಮೂರು ಚುಕ್ಕಿ. ಗಿರಾಕಿಗಳು ಕಲ್ಲಂಗಡಿ ಅಂಗಡಿ ಅಂತ ಗ್ರಹಿಸ್ತಾರೆ." ಹಾಗಾಗಿ ಅಪ್ಪ ಮಗಳು ಸೇರಿ ಹೆಸರನ್ನು 'ಮಹಾ' ಎಂದಷ್ಟೇ ಉಳಿಸಿದರು. ತನ್ವಿ ಅದನ್ನು ಸಣ್ಣ ಅಕ್ಷರದಲ್ಲಿ, ಸೇಮಿಗೆ ಎಳೆಯಷ್ಟು ತೆಳ್ಳಗೆ ಬರೆದು, ಕೊನೆಗೊಂದು ಚುಕ್ಕಿ ಇಟ್ಟಳು. ಸುತ್ತಲೂ ಬೇಕಾದಷ್ಟು ಖಾಲಿ ಜಾಗ. ಚೆಂದವಿತ್ತು, ಸುಳ್ಳು ಹೇಳುವುದಿಲ್ಲ. ಕಾಫಿ ಶಾಪಿನ ಹಾಗೆ ಚೆಂದ.

ಇನ್ನು ಇದನ್ನು ಇವರಿಗೆ ಹೇಳುವವರು ಯಾರು? ದೇವರ ಹೆಸರಿನ ಮುಕ್ಕಾಲು ಪಾಲು ಹಾರಿಹೋಗಿತ್ತು. ಉಪಾಯ ಹೂಡಿದವಳು ನಾನೇ. ಫ್ಲೆಕ್ಸಿನ ಮೇಲೆ ಒಂದು ಸ್ಯಾಂಪಲ್ ಮಾಡಿಸಿ ಅಂಗಡಿಯ ಮುಂದೆ ಕಟ್ಟೋಣ. ಭಾನುವಾರ ಬೆಳಿಗ್ಗೆ ಬ್ರಿಜ್ಜಿನ ಮೇಲಿಂದಲೇ ತೋರಿಸೋಣ. ಬೈಯುವುದಿದ್ದರೆ ಅಲ್ಲೇ ಬೈಯಲಿ. ಹತ್ತು ಜನರೆದುರು ಇವರ ಬೈಗುಳ ಯಾವಾಗಲೂ ಸ್ವಲ್ಪ ಸಾಫ್ಟ್.

ನಾವು ಮೂವರು ಬ್ರಿಜ್ಜಿನ ತುದಿಗೆ ಬಂದು ನಿಂತೆವು. ಸಂದಿನಲ್ಲಿ ಫ್ಲೆಕ್ಸು ಗಾಳಿಗೆ ಸಣ್ಣಗೆ ಆಡುತ್ತಿತ್ತು. ತನ್ವಿ ನನ್ನ ಕೈ ಹಿಡಿದುಕೊಂಡು, "ಅಜ್ಜ, ಹೊಸ ಬೋರ್ಡ್. ಓದಿ," ಎಂದಳು. ಇವರು ಚಪ್ಪಲಿ ಕಳಚಿದರು. ಗದ್ದ ಮೇಲೆತ್ತಿದರು. ಕೈಮುಗಿದರು.

"ಶ್ರೀ ಕಲ್ಲುಬಾವಿ ಮಹಾಲಿಂಗೇಶ್ವರ ಪ್ರಸನ್ನ ರಿಫ್ರೆಶ್‌ಮೆಂಟ್ಸ್. ಪ್ಯೂರ್ ವೆಜ್." ಕಣ್ಣು ತುಂಬಿ ತನ್ವಿಯ ಕಡೆ ತಿರುಗಿದರು. "ಫಸ್ಟ್ ಕ್ಲಾಸ್ ಆಗಿದೆ ಮಗಾ. ಹಳೇದರ ಹಾಗೇ ಉಂಟು!"

ತನ್ವಿ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಬೈಗುಳಕ್ಕೆ ತಯಾರಾಗಿ ಬಂದವರು ಶಾಭಾಸ್‌ಗಿರಿ ಹೊತ್ತುಕೊಂಡು ನಿಂತಿದ್ದೆವು. ಅಲ್ಲಿ ಇಲ್ಲದ ಬೋರ್ಡಿಗೆ ಇವರು ಮತ್ತೊಮ್ಮೆ ಕೈಮುಗಿದರು. ಮೆಟ್ಟಿಲಿಳಿಯುವಾಗ ಹುಡುಗಿ ಹಿಂದೆ ಉಳಿದು, ದುಪಟ್ಟಾದಲ್ಲಿ ಮೂಗೊರೆಸಿಕೊಂಡಳು. "ಅಜ್ಜಿ, ಅಜ್ಜನಿಗೆ ಕುಛ್ ಭೀ ದಿಖಾ ನಹೀಂ. ಏನೂ ಕಾಣ್ಲಿಲ್ಲ."

ಥಾಣೆಯ ಕಣ್ಣಿನ ಡಾಕ್ಟರರ ಗೋಡೆಯ ಮೇಲೂ ಅದೇ ಕಾಲಿಟ್ಟ ಅಕ್ಷರಗಳು. ಮೇಲಿನ ಎರಡು ಸಾಲನ್ನು ಇವರು ಠೀವಿಯಿಂದ ಓದಿದರು. ಮೂರನೆಯದಕ್ಕೆ, "ಇದರ ಪ್ರಿಂಟಿಂಗ್ ಸರಿ ಇಲ್ಲ ಡಾಕ್ಟ್ರೇ" ಎಂದರು. ಕಣ್ಣಿನ ಒತ್ತಡ, ಮಸುಕಾದದ್ದು ಮರಳುವುದಿಲ್ಲ, ತಪ್ಪದೆ ಹನಿ ಹಾಕಿದರೆ ಉಳಿದದ್ದನ್ನು ಉಳಿಸಿಕೊಳ್ಳಬಹುದು ಎಂದು ಡಾಕ್ಟರು ಹೇಳಿದರು. ವಾಪಸ್ಸು ಬರುವಾಗ ರೈಲಿನಲ್ಲಿ ನಾನು ಕೇಳಿದೆ, "ಯಾಕೆ ಹೇಳಲಿಲ್ಲ?" ಇವರು ಕಿಟಕಿಯ ಕಡೆ ಮುಖ ಮಾಡಿದರು. "ಹೇಳಿದ್ರೆ ಎಂತಾಗ್ತಿತ್ತು ಗೊತ್ತುಂಟಲ್ಲ ಮಾರಾಯ್ತಿ. ಗಲ್ಲಾಪೆಟ್ಟಿಗೆಯಿಂದ ಎಬ್ಬಿಸಿ ಮನೇಲಿ ಕೂರಿಸ್ತಿದ್ರಿ."

ಹಾಗೆಯೇ ಆಯಿತು. ಆ ಸಂಜೆ ಸುಧಾಕರ, ಮಾತಿಗೆ ಎಷ್ಟು ಬೆಣ್ಣೆ ಹಚ್ಚಬಹುದೋ ಅಷ್ಟು ಹಚ್ಚಿ ಹೇಳಿದ: "ಅಪ್ಪ, ಇನ್ನು ಬ್ರಿಜ್ಜು ದಾಟೋದು ಬೇಡ. ಆ ರಶ್ಶಿನಲ್ಲಿ ನೀವು ಬಿದ್ರೆ?" ಇವರು ಊಟದ ತಟ್ಟೆಯ ಅಂಚನ್ನು ಬೆರಳಿನಿಂದ ಸವರುತ್ತಾ ಕೂತರು. ಆಗ ಹೊಳೆಯಿತು ನನಗೆ. ಗಿರಾಕಿಯನ್ನು ಸ್ವರದಿಂದ, ಬ್ರಿಜ್ಜನ್ನು ಕಾಲಿನಿಂದ, ಬೋರ್ಡನ್ನು ನಾಲಗೆಯಿಂದ ಗುರುತಿಸುತ್ತಾ ಈ ಮನುಷ್ಯ ಇಡೀ ಡೊಂಬಿವಲಿಯನ್ನು ಬಾಯಿಪಾಠ ಮಾಡಿಕೊಂಡಿದ್ದರು.

ಮಗನ ಮಾತು ಪೂರ್ತಿ ತಪ್ಪಲ್ಲ. ಆದರೆ ಪೂರ್ತಿ ಸರಿಯೂ ಅಲ್ಲ, ಮತ್ತು ಅಂಥ ಕಡೆ ನಾನು ಬಾಯಿ ಹಾಕದೆ ಇರುವವಳಲ್ಲ. "ಡಾಕ್ಟರ ಗೋಡೆಯ ದೊಡ್ಡ ಅಕ್ಷರ ಓದಿದ್ದಾರೆ. ಸೇಮಿಗೆ ಕಾಣದಿದ್ದದ್ದು ಇವರ ತಪ್ಪಲ್ಲ, ಸೇಮಿಗೆಯದ್ದು. ಸರಿಯಾದ ಬೋರ್ಡು ಹಾಕಿ. ಬ್ರಿಜ್ಜಿನ ಮೇಲಿಂದ ಅದನ್ನು ಓದಿದರೆ ಮೊದಲಿನ ಹಾಗೆ ಹೋಟೆಲಿಗೆ ಬರುತ್ತಾರೆ. ಓದಲಾಗದಿದ್ದರೆ ನಾನೇ ಮನೆಯಲ್ಲಿ ಹಿಡಿದು ಕೂರಿಸುತ್ತೇನೆ."

ಸುಧಾಕರ ಒಪ್ಪಿದ. ಇವರಂತೂ ಎದೆಯುಬ್ಬಿಸಿ, "ಓದೋದಾ? ಅದಕ್ಕೆಂತ ಪರೀಕ್ಷೆ? ಈಗಲೇ ಓದ್ತೇನೆ!" ಎಂದು ಕೂತಲ್ಲಿಂದಲೇ ಶುರು ಮಾಡಿದರು. "ಶ್ರೀ ಕಲ್ಲುಬಾವಿ ಮಹಾಲಿಂಗೇಶ್ವರ..."

ನೋಡಿದಿರಲ್ಲ, ಇಲ್ಲೇ ಇರುವುದು ತೊಡಕು.

ತನ್ವಿ ಮರುದಿನ ಬೇಲಾಪುರಕ್ಕೆ ಹೋಗಲಿಲ್ಲ. ಲ್ಯಾಪ್‌ಟಾಪು ತೆರೆದು, "ಅಜ್ಜಿ, ನಿಮ್ಮ ಆ ದಪ್ಪ ಫ್ರೆಂಡ್ಸ್ ಎಲ್ಲಿ ಹೋದ್ರು?" ಎಂದಳು. ಹುಡುಕಿ ಕರೆತಂದೆವು. ಅಗಲದ ದಪ್ಪ ಅಕ್ಷರ ಹಾಕಿದರೆ ಬೋರ್ಡು ಕಲ್ಲುಬಾವಿಯಲ್ಲೇ ಮುಗಿದುಹೋಗುತ್ತಿತ್ತು. ತೆಳ್ಳಗಿನದರಲ್ಲಿ ಹೆಸರು ಹಿಡಿಸುತ್ತಿತ್ತು, ಆದರೆ ಬ್ರಿಜ್ಜಿನಿಂದ ಕಾಣುತ್ತಿರಲಿಲ್ಲ. ಈ ಸರ್ಕಸ್ಸಿನವರು ಮಾತ್ರ ಹೊಟ್ಟೆ ಒಳಗೆಳೆದುಕೊಂಡು, ಕಾಲೂರಿ, ಆ ಕಿರಿದಾದ ಪಟ್ಟಿಯೊಳಗೆ ಪೂರ್ತಿ ಹೆಸರಾಗಿ ನಿಂತರು. ಪಕ್ಕದವನ ಪಾದಕ್ಕೆ ಪಾದ ಸೇರಿ ಒಂದು ಗೆರೆಯಾಗಿ, ಒಂದೊಂದು ಪದವೂ ಒಂದೊಂದು ರೈಲುಬೋಗಿಯಂತೆ ಕಂಡಿತು. 'ಎ'ಯ ಕಿಟಕಿ, 'ಆರ್'ನ ಹೊಟ್ಟೆ ದೂರದಿಂದ ಮುಚ್ಚಿದಂತೆ ಕಾಣುತ್ತದೆಂದು ತನ್ವಿ ಅವನ್ನು ಅಷ್ಟಿಷ್ಟು ತೆರೆದಳು. ಮೇಲಿನ ಮರಾಠಿ ಸಾಲಿಗೂ ಅಷ್ಟೇ ಮೈ ತುಂಬಿಸಿದಳು. ಕಪ್ಪು ನೆಲ, ಬೆಣ್ಣೆ ಬಣ್ಣದ ಅಕ್ಷರ. "ಲೌಡ್ ಅಲ್ವಾ?" ಎಂದು ಕೆಣಕಿದೆ. "ಲೌಡೇ ಚಾಹಿಯೇ, ಅದೇ ಬೇಕು," ಎಂದಳು.

ಉಳಿದದ್ದು ಆ ತೊಡಕು. ನಾನು ಈ ಬಡಾವಣೆಯ ಎಷ್ಟೋ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳಿದವಳು. ತನ್ವಿಯೂ ನನ್ನ ಶಿಷ್ಯೆಯೇ. ನನ್ನದೊಂದು ನಿಯಮವಿತ್ತು. ಪಾಠಪುಸ್ತಕದಿಂದ ಗಡಗಡ ಓದಿದರೆ ಅದು ಓದಲ್ಲ, ಕಂಠಪಾಠ. ಓದು ಬರುತ್ತದೋ ನೋಡಬೇಕಾದರೆ ಅನ್‌ಸೀನ್ ಪ್ಯಾಸೇಜ್ ಕೊಡಬೇಕು, ಹಿಂದೆಂದೂ ಕಾಣದ ಸಾಲು. ನಾನು ತನ್ವಿಯ ಕಿವಿಯಲ್ಲಿ ಹೇಳಿದೆ. ಅವಳು ನಕ್ಕು ಬೋರ್ಡಿನ ಕೊನೆಯ ಸಾಲಿಗೆ ಒಂದೇ ಒಂದು ಪದ ಸೇರಿಸಿದಳು. ಇವರಿಗೆ ಹೇಳಲಿಲ್ಲ.

ಬೋರ್ಡು ಏರಿದ ಮರುದಿನ ಬೆಳಿಗ್ಗೆ ಸುಧಾಕರನೂ ಬ್ರಿಜ್ಜಿಗೆ ಬಂದ. ಜನ ಎರಡೂ ಕಡೆಯಿಂದ ಹರಿಯುತ್ತಿದ್ದರು. ಇವರು ಇಸ್ತ್ರಿಯ ಬಿಳಿ ಅಂಗಿ ಹಾಕಿದ್ದರು. ಚಪ್ಪಲಿ ಕಳಚಿದರು, ಗದ್ದ ಎತ್ತಿದರು, ಕೈಮುಗಿದರು.

"ಶ್ರೀ ಕಲ್ಲುಬಾವಿ ಮಹಾಲಿಂಗೇಶ್ವರ ಪ್ರಸನ್ನ ರಿಫ್ರೆಶ್‌ಮೆಂಟ್ಸ್." ಫಾಸ್ಟ್ ಲೋಕಲ್ಲಿನ ವೇಗ, ಎಲ್ಲೂ ಸ್ಟಾಪಿಲ್ಲ. ಸುಧಾಕರ ನನ್ನ ಮುಖ ನೋಡಿದ. ಇಷ್ಟಂತೂ ಇವರಿಗೆ ಕಣ್ಣು ಮುಚ್ಚಿಯೂ ಬರುತ್ತದೆ.

ಇವರು ಕೊನೆಯ ಸಾಲಿಗೆ ಬಾಯಿ ತೆರೆದವರು ಅಲ್ಲೇ ನಿಂತರು. ಮುಗಿದ ಕೈ ಕೆಳಗಿಳಿಯಿತು. ಬ್ರಿಜ್ಜಿನ ಕಂಬಿಯನ್ನು ಹಿಡಿದು ಮುಂದಕ್ಕೆ ಬಾಗಿದರು.

"ಎಸ್... ಟಿ..." ತುಟಿ ಅಲುಗುತ್ತಿತ್ತು. "ಎಸ್, ಟಿ, ಐ... ಇದೆಂಥದು?"

"ಸ್ಟಿಲ್?" ಇವರು ಗಕ್ಕನೆ ನನ್ನ ಕಡೆ ತಿರುಗಿದರು. "ಸ್ಟಿಲ್ ಪ್ಯೂರ್ ವೆಜ್? ಈಗಲೂ ಪ್ಯೂರ್ ವೆಜ್ ಅಂದ್ರೆ ಎಂತ ಅರ್ಥ ಮಾರಾಯ್ತಿ? ನಾವು ಮಧ್ಯದಲ್ಲಿ ಯಾವಾಗ ಬಿಟ್ಟಿದ್ದೆವು? ಜನ ಎಂತ ಗ್ರಹಿಸುದಿಲ್ಲ? ಯಾರು ಬರೆದದ್ದು ಇದನ್ನು? ನಿನ್ನದೇ ಕಾನ್ವೆಂಟ್ ಬುದ್ಧಿ ಇದು!"

ಬಾಯಿಪಾಠ ಒಪ್ಪಿಸುವವರು ತಡವರಿಸುವುದಿಲ್ಲ. ಓದುವವರೇ ತಡವರಿಸುವುದು. ತನ್ವಿ ಆ ಗದ್ದಲದ ಮಧ್ಯೆ ಅಜ್ಜನನ್ನು ತಬ್ಬಿಕೊಂಡು, "ಅಜ್ಜ, ಪಾಸ್!" ಎಂದು ಕೂಗಿದಳು. ಯಾವುದರಲ್ಲಿ ಪಾಸಾದೆನೆಂದು ಇವರಿಗೆ ತಿಳಿಯಲಿಲ್ಲ. ಹತ್ತು ಜನರೆದುರು ಸಾಫ್ಟ್ ಆಗುವ ಬೈಗುಳ ಅಂದು ಸಾಫ್ಟ್ ಆಗಲಿಲ್ಲ. ಮೆಟ್ಟಿಲಿಳಿಯುವ ತನಕ ನಡೆಯಿತು. ಸುಧಾಕರ ಎರಡು ಮೆಟ್ಟಿಲು ಮುಂದೆ ಇಳಿಯುತ್ತಾ, ಹಿಂದಕ್ಕೆ ನೋಡದೆ, "ಬನ್ನಿ ಅಪ್ಪ, ಗಲ್ಲಾಪೆಟ್ಟಿಗೆಯ ಬೀಗದಕೈ ನಿಮ್ಮ ಹತ್ರವೇ ಉಂಟಲ್ಲ," ಎಂದ.

ಆ ಪದವನ್ನು ತೆಗೆಸಬೇಕೆಂದು ಇವರ ಹಟ ಇನ್ನೂ ಮುಗಿದಿಲ್ಲ. ನಾವು ನಾಳೆ ನಾಳೆ ಎನ್ನುತ್ತಿದ್ದೇವೆ. ಹನಿಯನ್ನು ಹೊತ್ತಿಗೆ ಸರಿಯಾಗಿ ನಾನೇ ಹಾಕುತ್ತೇನೆ, ಮತ್ತು ಬೆಳಿಗ್ಗೆ ವಾಕಿಂಗಿನ ನೆವ ಮಾಡಿ ಬ್ರಿಜ್ಜಿನ ತನಕ ಜೊತೆಗೆ ಹೋಗುತ್ತೇನೆ. ಇವರು ಚಪ್ಪಲಿ ಕಳಚಿ ಮೇಲಿನ ಸಾಲುಗಳಿಗೆ ಕೈಮುಗಿಯುತ್ತಾರೆ, ಕೊನೆಯ ಸಾಲಿಗೆ ಬೈಯುತ್ತಾರೆ. ಕೈಮುಗಿಯುವುದನ್ನು ನಾನು ಗಮನಿಸುವುದಿಲ್ಲ. ಬೈಗುಳ ಕೇಳಿದ ಮೇಲೆ ನಿಶ್ಚಿಂತೆಯಿಂದ ಮನೆಯ ಕಡೆ ತಿರುಗುತ್ತೇನೆ.